ಗಿರಿಪಥದ ಗುರು

ಗಢವಾಲ ಸೀಮೆಯಲ್ಲಿ ಒಂದು ಐತಿಹ್ಯ ಪ್ರಚಾರದಲ್ಲಿದೆ. ಲಂಕೆಯನ್ನು ಸುಟ್ಟ ಹನುಮಂತನು ತನ್ನ ಬಾಲದ ಉರಿಯನ್ನು ಆರಿಸಿಕೊಳ್ಳಲು ಹಿಮಾಲಯದ ಒಂದು ಶಿಖರಕ್ಕೆ ಬಂದನಂತೆ. ಅಲ್ಲಿಯ ಹಿಮರಾಶಿಯಲ್ಲಿ ಬಾಲವನ್ನು ಅದ್ದಿ ತಂಪು ಮಾಡಿಕೊಂಡನಂತೆ. ಅಂದಿನಿಂದ ಆ ಪರ್ವತಕ್ಕೆ ಬಂದರ್‌ಪೂಂಛ್ ಎಂಬ ಹೆಸರು ಬಂದಿತು. ಬಂದರ್ ಎಂದರೆ ಕೋತಿ. ಪೂಂಛ್ ಎಂದರೆ ಬಾಲ. ಯಮುನಾ ನದಿಯ ಉಗಮಕ್ಷೇತ್ರವಾದ ಯಮುನೋತ್ರಿ ಈ ಪರ್ವತದ ಮಗ್ಗುಲಲ್ಲಿಯೇ ಇದೆ. ಇದರ ಎತ್ತರ 6,316 ಮೀಟರ್. ಕರ್ನಾಟಕದ ಅತ್ಯುನ್ನತ ಗಿರಿಯಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇರಿಸಿದರೂ ಬಂದರ್‌ಪೂಂಛ್‌ನ ನೆತ್ತಿಯನ್ನು ಮುಟ್ಟಲಾಗದು.

ಹಿಮಾಲಯದಲ್ಲಿ ಇದಕ್ಕಿಂತ ಎತ್ತರವಾದ ಶಿಖರಗಳು ನೂರಾರು ಇವೆ. ಎವರೆಸ್ಟಿನ ಮುಂದೆ ಬಂದರ್‌ಪೂಂಛ್ ತೀರ ಚಿಕ್ಕದು. ಆದರೂ ಭಾರತದ ಪರ್ವತಾರೋಹಣದ ಇತಿಹಾಸದಲ್ಲಿ ಈ ಗಿರಿಗೆ ಒಂದು ವಿಶೇಷ ಸ್ಥಾನವಿದೆ. ಅದಕ್ಕೆ ಕಾರಣ ಯಾವ ರಾಜನೂ ಅಲ್ಲ, ಯಾವ ಸೇನಾಪತಿಯೂ ಅಲ್ಲ; ದೂರದ ಇಂಗ್ಲೆಂಡಿನಿಂದ ಬಂದು ಭಾರತದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಶಾಲಾ ಉಪಾಧ್ಯಾಯರು. ಅವರ ಹೆಸರು ಜ್ಯಾಕ್ ಗಿಬ್ಸನ್.

ಗಿಬ್ಸನ್ ಅವರು ಹುಟ್ಟಿದ್ದು 1908ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿದ ಮೇಲೆ ಅವರು ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ಕೆಲಕಾಲ ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಕೆಲಸ ಮಾಡಿದರು. ಆಲ್ಪ್ಸ್ ಪರ್ವತಗಳ ನೆರಳಿನಲ್ಲಿ ಕಳೆದ ಆ ದಿನಗಳಲ್ಲಿ ಅವರಿಗೆ ಹಿಮದ ಮೇಲೆ ಜಾರುವ ಆಟವೂ ಬೆಟ್ಟ ಹತ್ತುವ ವಿದ್ಯೆಯೂ ಪರಿಚಯವಾದುವು. 1937ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವರು ಸಮುದ್ರವನ್ನು ದಾಟಿ ಭಾರತಕ್ಕೆ ಬಂದರು. ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಉಪಾಧ್ಯಾಯರಾದರು.

ಆ ಶಾಲೆ ಆರಂಭವಾಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ. 1935ರಲ್ಲಿ, ಹಿಂದೆ ಅರಣ್ಯ ಸಂಶೋಧನಾ ಸಂಸ್ಥೆಯಿದ್ದ ಚಾಂದ್‌ಬಾಗ್ ಎಂಬ ವಿಶಾಲವಾದ ತೋಪಿನಲ್ಲಿ ಅದು ನೆಲೆಗೊಂಡಿತ್ತು. ದಕ್ಷಿಣಕ್ಕೆ ಶಿವಾಲಿಕ ಗುಡ್ಡಗಳು; ಉತ್ತರಕ್ಕೆ ಮಸೂರಿಯ ಬೆಟ್ಟಸಾಲು. ಆಕಾಶ ತಿಳಿಯಾದ ದಿನ ಮಸೂರಿಯ ಏಣಿನ ಮೇಲೆ ನಿಂತು ನೋಡಿದರೆ ದೂರದಲ್ಲಿ ಹಿಮಶಿಖರಗಳ ಬಿಳಿಯ ಸಾಲು ಕಾಣುವುದು. ಆ ಸಾಲಿನಲ್ಲಿ ಬಂದರ್‌ಪೂಂಛ್ ಎದ್ದು ತೋರುವುದು. ಬೆಟ್ಟದ ರುಚಿ ಹತ್ತಿದ ತರುಣ ಉಪಾಧ್ಯಾಯರ ದೃಷ್ಟಿ ಅದರ ಮೇಲೆ ನೆಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಿಬ್ಸನ್ ಅವರು ಅಲ್ಲಿ ಒಂಟಿಯಾಗಿರಲಿಲ್ಲ. ಅವರಿಗಿಂತ ಮೊದಲೇ ಬಂದಿದ್ದ ಜಾನ್ ಮಾರ್ಟಿನ್ ಅವರಿಗೂ ಬೆಟ್ಟಗಳೆಂದರೆ ಪ್ರೀತಿ. ಕೆಲವು ವರ್ಷಗಳ ತರುವಾಯ ಹೋಲ್ಡ್ಸ್‌ವರ್ತ್ ಎಂಬ ಮತ್ತೊಬ್ಬ ಉಪಾಧ್ಯಾಯರು ಇವರನ್ನು ಕೂಡಿಕೊಂಡರು. ಈ ಹೋಲ್ಡ್ಸ್‌ವರ್ತ್ ಸಾಮಾನ್ಯರಲ್ಲ. 1931ರ ಜೂನ್ 21ರಂದು, 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನು ಮೊತ್ತಮೊದಲು ಏರಿದವರಲ್ಲಿ ಅವರೂ ಒಬ್ಬರು. ಅದುವರೆಗೆ ಮನುಷ್ಯನು ಅಷ್ಟು ಎತ್ತರದ ಶಿಖರವೊಂದರ ತುದಿಯನ್ನು ಮುಟ್ಟಿರಲಿಲ್ಲ. ಆ ತಂಡದ ಸಸ್ಯಶಾಸ್ತ್ರಜ್ಞರೂ ಅವರೇ. ಹಿಂದಿರುಗುವಾಗ ಕಣಿವೆಯೊಂದಕ್ಕೆ ಇಳಿದ ಆ ತಂಡದವರು, ಕಾಲಿಡಲು ತೆರಪಿಲ್ಲದಂತೆ ಅರಳಿ ನಿಂತ ಹೂಗಳನ್ನು ಕಂಡು ಬೆರಗಾದರು. ಅದನ್ನು ಹೂಗಳ ಕಣಿವೆಯೆಂದು ಕರೆದರು. ಇಂದು ಅದು ರಾಷ್ಟ್ರೀಯ ಉದ್ಯಾನ. 2005ರಿಂದ ವಿಶ್ವ ಪರಂಪರೆಯ ತಾಣವೂ ಹೌದು. ಶಿಖರವನ್ನು ಗೆದ್ದ ಹೆಮ್ಮೆಯಲ್ಲಿಯೂ ಕಾಲಕೆಳಗಿನ ಹೂವನ್ನು ಬಗ್ಗಿ ನೋಡಬಲ್ಲವನೇ ನಿಜವಾದ ಉಪಾಧ್ಯಾಯನಲ್ಲವೆ?

ಇಂಥವರು ಇದ್ದ ಶಾಲೆಯಲ್ಲಿ ಪಾಠವು ನಾಲ್ಕು ಗೋಡೆಗಳ ನಡುವೆ ಮುಗಿಯುತ್ತಿರಲಿಲ್ಲ. ಶಾಲೆಯ ಅವಧಿಯ ನಡುವೆ ಬರುವ ಕೆಲವು ದಿನಗಳ ಬಿಡುವಿನಲ್ಲಿ ಹುಡುಗರು ಗುಂಪುಗುಂಪಾಗಿ ಸುತ್ತಣ ಬೆಟ್ಟಕಾಡುಗಳಿಗೆ ಹೊರಡುವ ಪದ್ಧತಿ ಅಲ್ಲಿ ಬೆಳೆಯಿತು. ಹಾಸಿಗೆ, ಪಾತ್ರೆ, ಅಕ್ಕಿಬೇಳೆಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕು; ನೀರಿರುವ ತಾವನ್ನು ನೋಡಿ ಬಿಡಾರ ಹೂಡಬೇಕು; ಅಡಿಗೆಯನ್ನು ತಾವೇ ಮಾಡಿಕೊಳ್ಳಬೇಕು. ಮನೆಯಲ್ಲಿ ಆಳುಕಾಳುಗಳ ಸೇವೆಗೆ ಒಗ್ಗಿದ ಶ್ರೀಮಂತರ ಮಕ್ಕಳು ಹಲವರಿದ್ದ ಶಾಲೆ ಅದು. ಒದ್ದೆ ಸೌದೆಗೆ ಉರಿ ಹತ್ತಿಸಲು ಮಳೆಯಲ್ಲಿ ಕುಳಿತು ಊದುವಾಗ ತಂದೆಯ ಐಶ್ವರ್ಯ ನೆರವಿಗೆ ಬಾರದು. ಸೋತ ಗೆಳೆಯನ ಹೊರೆಯಲ್ಲಿ ಅರ್ಧವನ್ನು ತಾನು ಹೊರಬೇಕಾದಾಗ ಹುಡುಗನು ಕಲಿಯುವ ಪಾಠ ಯಾವ ಪುಸ್ತಕದಲ್ಲಿಯೂ ಅಚ್ಚಾಗಿರುವುದಿಲ್ಲ. ಬೆಟ್ಟವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಬಂದರ್‌ಪೂಂಛ್‌ನ ಮೇಲೆ ಗಿಬ್ಸನ್ ಅವರ ಮೊದಲನೆಯ ಪ್ರಯತ್ನ ನಡೆದುದು ಅವರು ಭಾರತಕ್ಕೆ ಬಂದ ವರ್ಷದಲ್ಲಿಯೇ, ಎಂದರೆ 1937ರಲ್ಲಿ. ಮಾರ್ಟಿನ್ ಅವರು ಜೊತೆಗಿದ್ದರು. ಇವರೊಡನೆ ಹೊರಟ ಶೇರ್ಪಾಗಳಲ್ಲಿ ಇಪ್ಪತ್ತಮೂರು ವಯಸ್ಸಿನ, ನಗುಮುಖದ ಒಬ್ಬ ತರುಣನಿದ್ದನು. ಅವನ ಹೆಸರು ಆಗ ಹೊರಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನೇ ತೇನ್‌ಸಿಂಗ್ ನೋರ್ಗೆ.

ಅಂದಿನ ಪರ್ವತಾರೋಹಣವು ಇಂದಿನಂತಿರಲಿಲ್ಲ. ಒಳಗಣ ಕಣಿವೆಗಳಿಗೆ ಮೋಟಾರು ರಸ್ತೆಗಳಿರಲಿಲ್ಲ. ಮಸೂರಿಯಿಂದಾಚೆಗೆ ಬಹುಮಟ್ಟಿಗೆ ಕಾಲುದಾರಿಯೇ ಗತಿ. ಬೆಟ್ಟದ ಬುಡವನ್ನು ಸೇರುವುದಕ್ಕೇ ದಿನಗಟ್ಟಲೆ ನಡೆಯಬೇಕಾಗಿತ್ತು. ನಾರಿನ ಹಗ್ಗ, ಹತ್ತಿಯ ಬಟ್ಟೆಯ ಡೇರೆ, ಅಟ್ಟೆಗೆ ಮೊಳೆ ಹೊಡೆದ ಚರ್ಮದ ಬೂಟು, ಹಿಮವನ್ನು ಕೊಚ್ಚಿ ಮೆಟ್ಟಿಲು ಮಾಡುವ ಹಿಡಿಗೊಡಲಿ ಇವೇ ಮುಖ್ಯ ಸಾಧನಗಳು. ದಾರಿಯುದ್ದಕ್ಕೂ ಹೊರೆಯನ್ನು ಹೊತ್ತವರು ಗಢವಾಲದ ಹಳ್ಳಿಗರು ಮತ್ತು ಶೇರ್ಪಾಗಳು. ಶಿಖರಗಳ ಕಥೆಗಳಲ್ಲಿ ಇವರ ಹೆಸರುಗಳು ಬರುವುದು ಅಪರೂಪ. ಆದರೆ ಇವರ ಬೆನ್ನಿಲ್ಲದೆ ಯಾವ ಶಿಖರವೂ ಯಾರಿಗೂ ಎಟುಕುತ್ತಿರಲಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಪ್ರತಿಯೊಂದು ಉಸಿರಿನಲ್ಲಿಯೂ ದೇಹಕ್ಕೆ ದೊರೆಯುವ ಆಮ್ಲಜನಕ ಅರ್ಧದಷ್ಟೇ. ತಲೆ ಸಿಡಿಯುತ್ತದೆ, ಹಸಿವು ಸಾಯುತ್ತದೆ, ನಿದ್ರೆ ಬಾರದು, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬರುತ್ತದೆ. ಆದುದರಿಂದ ಏರುವವರು ಒಮ್ಮೆಲೇ ಮೇಲಕ್ಕೆ ನುಗ್ಗುವುದಿಲ್ಲ. ಒಂದೊಂದೇ ಶಿಬಿರವನ್ನು ಸ್ಥಾಪಿಸುತ್ತ, ಸಾಮಾನುಗಳನ್ನು ಸಾಗಿಸಲು ಹಲವು ಸಲ ಹತ್ತಿ ಇಳಿಯುತ್ತ, ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳುತ್ತಾರೆ. ಹಿಮನದಿಯ ಬಿರುಕುಗಳನ್ನು ಹೊಸ ಮಂಜು ಮುಚ್ಚಿರುತ್ತದೆ. ಮೇಲೆ ನೋಡಿದರೆ ಸಮನೆಲ, ಕೆಳಗೆ ಆಳವಾದ ಕಂದರ. ಅದಕ್ಕಾಗಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬನು ಜಾರಿದರೆ ಉಳಿದವರು ಅವನನ್ನು ತಡೆಯಬೇಕು. ಆ ಹಗ್ಗದಲ್ಲಿ ಒಬ್ಬನ ಪ್ರಾಣ ಇನ್ನೊಬ್ಬನ ಎಚ್ಚರದ ಮೇಲೆ ನಿಂತಿರುತ್ತದೆ. ಅಲ್ಲಿ ಬಿಳಿಯನೆಂದೂ ಕರಿಯನೆಂದೂ ಭೇದವಿಲ್ಲ. ಯಜಮಾನನೆಂದೂ ಹೊರೆಯಾಳೆಂದೂ ಭೇದವಿಲ್ಲ.

1937ರ ಪ್ರಯತ್ನ ಕೈಗೂಡಲಿಲ್ಲ. ಶಿಖರವು ದೂರದಲ್ಲಿಯೇ ಉಳಿಯಿತು. ಗಿಬ್ಸನ್ ಅವರು ಶಾಲೆಗೆ ಹಿಂದಿರುಗಿ ಮತ್ತೆ ಸೀಮೆಸುಣ್ಣವನ್ನು ಕೈಗೆತ್ತಿಕೊಂಡರು. ಎರಡು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬೆಟ್ಟದ ಈ ಉಪಾಧ್ಯಾಯರು ಯುದ್ಧಕಾಲದಲ್ಲಿ ನೌಕಾದಳವನ್ನು ಸೇರಿ ಕಡಲಿನ ಮೇಲೆ ಕೆಲಸ ಮಾಡಿದರು. ಯುದ್ಧ ಮುಗಿದೊಡನೆ ಮತ್ತೆ ಶಾಲೆ, ಮತ್ತೆ ಬೆಟ್ಟ.

1946ರಲ್ಲಿ ಎರಡನೆಯ ಪ್ರಯತ್ನ. ಈ ಸಲ ಹೋಲ್ಡ್ಸ್‌ವರ್ತ್ ಅವರು ಜೊತೆಗೂಡಿದರು. ತೇನ್‌ಸಿಂಗನೂ ಬಂದನು. ಇನ್ನೊಬ್ಬ ಸಂಗಡಿಗನ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಅವನು ನರೇಂದ್ರಧರ ಜಯಾಲ್. ಎಲ್ಲರ ಬಾಯಲ್ಲಿ ನಂದು. ಅವನು ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಆಗತಾನೆ ಸೈನ್ಯದ ಅಧಿಕಾರಿಯಾಗಿದ್ದ ತರುಣ. ನಿನ್ನೆ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದವನು ಇಂದು ಗುರುಗಳು ಕಟ್ಟಿಕೊಂಡ ಹಗ್ಗಕ್ಕೆ ತಾನೂ ಕಟ್ಟಿಕೊಂಡು ನಡೆದನು. ಆದರೆ ಬಂದರ್‌ಪೂಂಛ್ ಈ ಬಾರಿಯೂ ಒಲಿಯಲಿಲ್ಲ. ಎರಡನೆಯ ಸಲವೂ ತಂಡವು ಶಿಖರವನ್ನು ಕಾಣದೆ ಇಳಿದು ಬಂದಿತು.

ಹಿಂದಿರುಗುವುದು ಎಂಬುದು ಕೇಳಲು ಸುಲಭ, ಮಾಡಲು ಕಷ್ಟ. ವರ್ಷಗಟ್ಟಲೆ ಕನಸು ಕಂಡ ಶಿಖರವು ಕಣ್ಣೆದುರಿಗೇ ಇರುತ್ತದೆ. ಇನ್ನೊಂದು ದಿನ ಹವೆ ಚೆನ್ನಾಗಿದ್ದರೆ ಸಾಕೆಂದು ಮನಸ್ಸು ಪಿಸುಗುಟ್ಟುತ್ತದೆ. ಆದರೆ ಹೊಸದಾಗಿ ಬಿದ್ದ ಮಂಜು ಇಳಿಜಾರಿನ ಮೇಲೆ ಗಟ್ಟಿಯಾಗಿ ನೆಲೆಗೊಳ್ಳದಿದ್ದರೆ, ಒಂದು ಹೆಜ್ಜೆಯ ಭಾರಕ್ಕೆ ಇಡೀ ಇಳಿಜಾರೇ ಕುಸಿದು ಬರಬಹುದು. ಅಂಥ ಹೊತ್ತಿನಲ್ಲಿ ಮುಂದೆ ಹೋಗುವುದು ಧೈರ್ಯವಲ್ಲ, ಹಟ. ತನ್ನ ಪ್ರಾಣವನ್ನು ಪಣವಾಗಿಡುವ ಹಕ್ಕು ಒಬ್ಬನಿಗೆ ಇರಬಹುದು. ಹಗ್ಗದ ಇನ್ನೊಂದು ತುದಿಯಲ್ಲಿರುವವನ ಪ್ರಾಣವನ್ನು ಪಣವಾಗಿಡುವ ಹಕ್ಕು ಯಾರಿಗೂ ಇಲ್ಲ. ನಿತ್ಯವೂ ಪರರ ಮಕ್ಕಳನ್ನು ತನ್ನ ವಶದಲ್ಲಿರಿಸಿಕೊಂಡು ಬಾಳುವ ಉಪಾಧ್ಯಾಯನಿಗೆ ಈ ಮಾತು ಉಳಿದವರಿಗಿಂತ ಹೆಚ್ಚು ಚೆನ್ನಾಗಿ ಗೊತ್ತಿರಬೇಕು. ಬೆಟ್ಟಕ್ಕೆ ಹೋದ ಹುಡುಗರೆಲ್ಲರೂ ಸಂಜೆ ಬಿಡಾರಕ್ಕೆ ಮರಳಿದರೇ ಎಂದು ಎಣಿಸಿ ನೋಡಿದ ಮೇಲೆಯೇ ಅವನಿಗೆ ಊಟ.

1947ರಲ್ಲಿ ಭಾರತ ಸ್ವತಂತ್ರವಾಯಿತು. ಅಧಿಕಾರದಲ್ಲಿದ್ದ ಆಂಗ್ಲರು ಬಹುಮಂದಿ ಗಂಟುಮೂಟೆ ಕಟ್ಟಿಕೊಂಡು ತಾಯ್ನಾಡಿಗೆ ಹೊರಟರು. ಗಿಬ್ಸನ್ ಹೋಗಲಿಲ್ಲ, ಮಾರ್ಟಿನ್ ಹೋಗಲಿಲ್ಲ. ಮಾರ್ಟಿನ್ ಅವರು 1948ರಲ್ಲಿ ಡೂನ್ ಶಾಲೆಯ ಮುಖ್ಯೋಪಾಧ್ಯಾಯರಾಗಿ 1966ರವರೆಗೂ ಆ ಹೊಣೆಯನ್ನು ಹೊತ್ತರು. 1949ರಲ್ಲಿ ಡೆಹ್ರಾಡೂನಿನಲ್ಲಿ ಮೂರೂ ಸೇನೆಗಳ ಭಾವೀ ಅಧಿಕಾರಿಗಳಿಗಾಗಿ ಸಂಯುಕ್ತ ತರಬೇತಿ ಶಾಲೆ ಆರಂಭವಾದಾಗ ಅದರ ಪ್ರಾಂಶುಪಾಲರಾಗುವ ಕರೆ ಗಿಬ್ಸನ್ ಅವರಿಗೆ ಬಂದಿತು. ಆಳುವವರ ನಾಡಿನಿಂದ ಬಂದವರು ಸ್ವತಂತ್ರ ಭಾರತದ ತರುಣ ಸೈನಿಕರಿಗೆ ಗುರುಗಳಾದರು.

1950ರಲ್ಲಿ ಗಿಬ್ಸನ್ ಅವರು ಮೂರನೆಯ ಬಾರಿ ಬಂದರ್‌ಪೂಂಛ್‌ಗೆ ಹೊರಟರು. ಮೊದಲ ಯಾತ್ರೆಯಿಂದ ಈಚೆಗೆ ಹದಿಮೂರು ವರ್ಷ ಕಳೆದಿದ್ದುವು. ಅವರ ವಯಸ್ಸು ನಲವತ್ತೆರಡಾಗಿತ್ತು. ತೇನ್‌ಸಿಂಗನೂ ಈಗ ಹಳೆಯ ತರುಣನಲ್ಲ. ಹಲವು ಯಾತ್ರೆಗಳಲ್ಲಿ ಪಳಗಿದ ನುರಿತ ಶೇರ್ಪಾ. ಈ ಬಾರಿ ಶಿಖರವು ದಾರಿಕೊಟ್ಟಿತು. ತೇನ್‌ಸಿಂಗ್ ನೋರ್ಗೆ, ಸಾರ್ಜೆಂಟ್ ರಾಯ್ ಗ್ರೀನ್‌ವುಡ್ ಮತ್ತು ಕಿನ್‌ಚೋಕ್ ತ್ಸೆರಿಂಗ್ ಎಂಬ ಶೇರ್ಪಾ, ಈ ಮೂವರು ಬಂದರ್‌ಪೂಂಛ್‌ನ ನೆತ್ತಿಯ ಮೇಲೆ ನಿಂತರು. ಅದಕ್ಕೆ ಮುಂಚೆ ಅಲ್ಲಿಗೆ ಮನುಷ್ಯರು ಏರಿರಲಿಲ್ಲ.

ಶಿಖರವನ್ನು ಮುಟ್ಟಿದವರ ಆ ಪಟ್ಟಿಯಲ್ಲಿ ಗಿಬ್ಸನ್ ಅವರ ಹೆಸರಿಲ್ಲ. ಮೂರು ಸಲ ಹೊರಟವರು ಅವರು. ಹದಿಮೂರು ವರ್ಷ ಆ ಬೆಟ್ಟವನ್ನು ಮನಸ್ಸಿನಲ್ಲಿ ಹೊತ್ತವರು ಅವರು. ಆದರೂ ಅದರ ತುದಿಯಲ್ಲಿ ಅವರ ಹೆಜ್ಜೆ ಮೂಡಲಿಲ್ಲ. ಲೌಕಿಕರ ಲೆಕ್ಕದಲ್ಲಿ ಇದು ಸೋಲು. ಆದರೆ ಶಾಲೆಯ ಉಪಾಧ್ಯಾಯನ ಲೆಕ್ಕವೇ ಬೇರೆ. ವರ್ಷವಿಡೀ ಪಾಠ ಹೇಳುವವನು ಅವನು. ಪರೀಕ್ಷೆಯಲ್ಲಿ ತೇರ್ಗಡೆಯಾಗುವವರು ಮಕ್ಕಳು. ಆ ಸಂತೋಷದಲ್ಲಿ ತನಗೂ ಪಾಲುಂಟೆಂದು ಅವನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತೇನ್‌ಸಿಂಗ್ ಮಾತ್ರ ಈ ಪಾಲನ್ನು ಮರೆಯಲಿಲ್ಲ. 1953ರ ಮೇ 29ರಂದು ಎಡ್ಮಂಡ್ ಹಿಲರಿಯೊಡನೆ ಎವರೆಸ್ಟನ್ನು ಏರಿ ಜಗತ್ಪ್ರಸಿದ್ಧನಾದ ಮೇಲೆಯೂ, ಬಂದರ್‌ಪೂಂಛ್ ಎಂದರೆ ಡೂನ್ ಶಾಲೆಯ ಬೆಟ್ಟವೆಂದೇ ಅವನು ಹೇಳುತ್ತಿದ್ದನು.

ಗಿಬ್ಸನ್ ಮತ್ತು ಅವರ ಸಂಗಡಿಗರು ಬಿತ್ತಿದ ಬೀಜ ಬೇರೆ ಕಡೆಗಳಲ್ಲಿ ಮೊಳೆಯಿತು. ಅದೇ ಶಾಲೆಗೆ ಭೂಗೋಳದ ಉಪಾಧ್ಯಾಯರಾಗಿ ಬಂದ ಗುರ್ದಿಯಾಲ್ ಸಿಂಗ್ ಅವರು ಈ ಹಿರಿಯ ಸಹೋದ್ಯೋಗಿಗಳ ಸಹವಾಸದಲ್ಲಿ ಪರ್ವತಾರೋಹಣವನ್ನು ಕಲಿತರು. 1951ರಲ್ಲಿ ಅವರು ತಾವೇ ತಂಡವೊಂದನ್ನು ಕಟ್ಟಿಕೊಂಡು 7,120 ಮೀಟರ್ ಎತ್ತರದ ತ್ರಿಶೂಲ ಶಿಖರವನ್ನು ಏರಿದರು. ಶಿಖರದ ಮೇಲೆ ಅವರು ತಲೆಯನ್ನು ಕೆಳಗೆ ಮಾಡಿ, ಕಾಲುಗಳನ್ನು ಆಕಾಶಕ್ಕೆ ಚಾಚಿ ಶೀರ್ಷಾಸನ ಹಾಕಿದರು! ಇಂಗ್ಲೆಂಡಿನಿಂದ ಬಂದ ವಿದ್ಯೆಯೂ ಭಾರತದ ಯೋಗವೂ ಆ ಮಂಜಿನ ನೆತ್ತಿಯ ಮೇಲೆ ಒಂದಾದುವು. ಸ್ವತಂತ್ರ ಭಾರತದ ಪರ್ವತಾರೋಹಣವು ಆ ದಿನದಿಂದ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. 1965ರಲ್ಲಿ ಒಂಬತ್ತು ಮಂದಿಯನ್ನು ಎವರೆಸ್ಟಿನ ತುದಿಗೆ ಮುಟ್ಟಿಸಿದ ಭಾರತೀಯ ತಂಡದಲ್ಲಿಯೂ ಗುರ್ದಿಯಾಲ್ ಸಿಂಗ್ ಅವರು ಸದಸ್ಯರಾಗಿದ್ದರು. ದೀರ್ಘಕಾಲ ಬಾಳಿ ಅವರು 2023ರಲ್ಲಿ ತೀರಿಕೊಂಡರು.

ಗುರುಗಳೊಡನೆ 1946ರಲ್ಲಿ ಬರಿಗೈಯಲ್ಲಿ ಇಳಿದು ಬಂದಿದ್ದ ನಂದು ಜಯಾಲನ ಕಥೆ ಏನಾಯಿತು? ಎವರೆಸ್ಟ್ ವಿಜಯದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಯಿತು. ಭಾರತದ ತರುಣರಿಗೆ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಆ ಸಂಸ್ಥೆಯ ಮೊದಲನೆಯ ಪ್ರಾಂಶುಪಾಲನಾದವನು ಅವನೇ. ತೇನ್‌ಸಿಂಗನು ಅಲ್ಲಿಯೇ ಕ್ಷೇತ್ರ ತರಬೇತಿಯ ನಿರ್ದೇಶಕನಾದನು. ಬಂದರ್‌ಪೂಂಛ್‌ನಲ್ಲಿ ಜೊತೆಯಾಗಿ ಸೋತಿದ್ದ ಇಬ್ಬರೂ ಈಗ ಜೊತೆಯಾಗಿ ಗುರುಗಳಾದರು. ಆದರೆ ವಿಧಿ ಜಯಾಲನಿಗೆ ಹೆಚ್ಚು ಕಾಲ ಕೊಡಲಿಲ್ಲ. 1958ರಲ್ಲಿ ಚೋ ಓಯು ಪರ್ವತದ ಯಾತ್ರೆಯಲ್ಲಿ, ಮೂವತ್ತೊಂದರ ಆಸುಪಾಸಿನ ವಯಸ್ಸಿನಲ್ಲಿ, ಅವನು ಅಸ್ವಸ್ಥನಾಗಿ ಅಲ್ಲಿಯೇ ಮಡಿದನು. ತಾನು ಕಲಿಸಿದ ಶಿಷ್ಯನನ್ನು ಬೆಟ್ಟವೇ ಕಸಿದುಕೊಂಡರೆ ಗುರುವಿಗೆ ಆಗುವ ವೇದನೆಯನ್ನು ಯಾರೂ ಅಳೆಯಲಾರರು. ಬೆಟ್ಟವು ಕೊಡುವುದನ್ನು ಕಂಡವನು ಅದು ಕೇಳುವ ಬೆಲೆಯನ್ನೂ ಕಾಣಬೇಕಾಗುತ್ತದೆ. ಸಾಹಸದ ಹಾದಿಯಲ್ಲಿ ಈ ಸತ್ಯವನ್ನು ಮರೆಮಾಚಿ ಮಕ್ಕಳಿಗೆ ಪಾಠ ಹೇಳುವುದು ಪ್ರಾಮಾಣಿಕತೆಯಲ್ಲ.

ಗಿಬ್ಸನ್ ಅವರು 1954ರಲ್ಲಿ ಅಜ್ಮೀರದ ಮೇಯೋ ಕಾಲೇಜಿನ ಪ್ರಾಂಶುಪಾಲರಾಗಿ ರಾಜಸ್ಥಾನಕ್ಕೆ ಹೋದರು. ಅಲ್ಲಿ ಹಿಮವಿಲ್ಲ, ಅರಾವಳಿಯ ಒಣ ಗುಡ್ಡಗಳು, ಉರಿಬಿಸಿಲು. ರಾಜಕುಮಾರರಿಗಾಗಿ 1875ರಲ್ಲಿ ಸ್ಥಾಪಿತವಾಗಿದ್ದ ಆ ಹಳೆಯ ವಿದ್ಯಾಶಾಲೆಯನ್ನು ಹೊಸ ಭಾರತದ ಕಾಲಕ್ಕೆ ಹೊಂದಿಸುವ ಕಷ್ಟದ ಕೆಲಸವನ್ನು ಅವರು 1969ರವರೆಗೆ ನಡೆಸಿದರು. 1965ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ನಿವೃತ್ತರಾದ ಮೇಲೆಯೂ ಅವರು ಇಂಗ್ಲೆಂಡಿಗೆ ಮರಳದೆ ಅಜ್ಮೀರದಲ್ಲಿಯೇ ನೆಲೆಸಿದರು. 1994ರಲ್ಲಿ ಅವರು ನಿಧನರಾದರು. ಕೆಲಸಕ್ಕಾಗಿ ಬಂದ ಪರದೇಶವು ಅರ್ಧ ಶತಮಾನದಲ್ಲಿ ಅವರ ಮನೆಯಾಗಿತ್ತು.

ಪರದೇಶದಿಂದ ಬಂದವರು ಭಾರತದಿಂದ ಹೊತ್ತೊಯ್ದುದರ ಲೆಕ್ಕವನ್ನು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಬಂದು ಇಲ್ಲಿಯೇ ಬಿಟ್ಟುಹೋದುದರ ಲೆಕ್ಕವನ್ನೂ ಒಮ್ಮೆ ನೋಡುವುದು ನ್ಯಾಯ. ಗಿಬ್ಸನ್ ಅವರು ಹಿಮಾಲಯವನ್ನು ಭಾರತೀಯರಿಗೆ ಹೊಸದಾಗಿ ತೋರಿಸಿಕೊಟ್ಟರೆಂದಲ್ಲ. ಯಾತ್ರಿಕರೂ ಕುರಿಗಾಹಿಗಳೂ ಸಾವಿರಾರು ವರ್ಷಗಳಿಂದ ಆ ಕಣಿವೆಗಳಲ್ಲಿ ನಡೆದಿದ್ದಾರೆ. ಬೆಟ್ಟವು ಪಾಠಶಾಲೆಯೂ ಆಗಬಲ್ಲದು, ಹುಡುಗರನ್ನು ಅಲ್ಲಿಗೆ ಕರೆದೊಯ್ಯುವುದು ಉಪಾಧ್ಯಾಯನ ಕರ್ತವ್ಯವೂ ಆಗಬಲ್ಲದು ಎಂಬುದನ್ನು ಅವರು ಮಾಡಿ ತೋರಿಸಿದರು.

ಇಂದಿಗೂ ತಿಳಿಯಾದ ಬೆಳಗಿನಲ್ಲಿ ಮಸೂರಿಯ ಏಣಿನ ಮೇಲೆ ನಿಂತ ವಿದ್ಯಾರ್ಥಿಗೆ ಉತ್ತರದಲ್ಲಿ ಬಂದರ್‌ಪೂಂಛ್ ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಗಿಬ್ಸನ್ ಅವರ ಹೆಜ್ಜೆಯ ಗುರುತಿಲ್ಲ. ಏರಿದವರ ಹೆಜ್ಜೆಗಳೂ ಮರುದಿನದ ಮಂಜಿನಲ್ಲಿ ಮುಚ್ಚಿಹೋದುವು. ಆದರೆ ಬೆನ್ನಿಗೆ ಹೊರೆ ಕಟ್ಟಿಕೊಂಡು, ಗೆಳೆಯರೊಡನೆ, ಆ ಕಡೆಗೆ ನಡೆಯಬೇಕೆಂಬ ಆಸೆ ಆ ವಿದ್ಯಾರ್ಥಿಯಲ್ಲಿ ಹುಟ್ಟುತ್ತದೆ. ಹದಿಮೂರು ವರ್ಷಗಳಲ್ಲಿ ಮೂರು ಸಲ ಹೊರಟು ಎರಡು ಸಲ ಸೋತು ಹಿಂದಿರುಗಿದ ಆ ಉಪಾಧ್ಯಾಯರು ಬಯಸಿದ್ದು ಬಹುಶಃ ಇಷ್ಟನ್ನೇ.